ಘನಫಲ: ಡ್ರಮ್ಮಿನ ಒಂದು ಸೆಂಟಿಮೀಟರ್ ಎಂದರೆ ಎಷ್ಟು ನೀರು?

ಒಂದು ವಸ್ತು ತುಂಬಿಕೊಳ್ಳುವ ಜಾಗವೇ ಅದರ ಘನಫಲ. ಪಠ್ಯಪುಸ್ತಕದಲ್ಲಿ ಸೂತ್ರವಾಗಿ ಬರುವ ಇದನ್ನು ನಮ್ಮ ಹಿರಿಯರು ಪಾವು, ಸೇರು, ಕೊಳಗ ಎಂದು ಬಳಸುತ್ತಿದ್ದರು. ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕಾಳನ್ನು ತೂಗುತ್ತಿರಲಿಲ್ಲ, ಅಳೆಯುತ್ತಿದ್ದರು.

ಶಾಲೆಯಲ್ಲಿ ದಿನಕ್ಕೆ ಏನು ಎಷ್ಟು ಖರ್ಚಾಗುತ್ತದೆ ಎಂದು ಮಕ್ಕಳಿಂದ ಲೆಕ್ಕ ಹಾಕಿಸುವಾಗ ಪಾತ್ರೆಯ ಪೂರ್ತಿ ಘನಫಲ ಬೇಕಿಲ್ಲ. ಮಟ್ಟ ಎಷ್ಟು ಇಳಿಯಿತು ಎಂಬುದನ್ನು ತಳದ ವಿಸ್ತೀರ್ಣದಿಂದ ಗುಣಿಸಿದರೆ ಸಾಕು.

ಕುಡಿಯುವ ನೀರಿನ 200 ಲೀಟರಿನ ಡ್ರಮ್ ತೆಗೆದುಕೊಳ್ಳಿ. ಒಳವ್ಯಾಸ 56 ಸೆಂ.ಮೀ. ಇದ್ದರೆ ತ್ರಿಜ್ಯ 28, ತಳದ ವಿಸ್ತೀರ್ಣ 22/7 × 28 × 28 = 2464 ಚದರ ಸೆಂ.ಮೀ. ಸಾವಿರ ಘನ ಸೆಂಟಿಮೀಟರಿಗೆ ಒಂದು ಲೀಟರ್. ಹಾಗಾಗಿ ನೀರು ಒಂದು ಸೆಂಟಿಮೀಟರ್ ಇಳಿದರೆ ಸುಮಾರು 2.5 ಲೀಟರ್ ಹೋಯಿತೆಂದು ಅರ್ಥ. ಬೆಳಿಗ್ಗೆಯಿಂದ ಸಂಜೆಗೆ 34 ಸೆಂ.ಮೀ. ಇಳಿದಿದ್ದರೆ 84 ಲೀಟರ್. 120 ಮಕ್ಕಳಿದ್ದರೆ ತಲೆಗೆ 700 ಮಿ.ಲೀ.

ಅಳೆಯುವ ಮೊದಲು ಪ್ರತಿ ಮಗುವೂ ಎರಡು ಸಂಖ್ಯೆ ಬರೆಯಲಿ: ಕಡಿಮೆಯೆಂದರೆ ಎಷ್ಟು, ಹೆಚ್ಚೆಂದರೆ ಎಷ್ಟು. ಅಂದಾಜು ಎಂದರೆ ಇದು. ಬಾಯಿಗೆ ಬಂದದ್ದು ಹೇಳುವುದಲ್ಲ, ಉತ್ತರ ಎಲ್ಲಿಂದ ಎಲ್ಲಿಯವರೆಗೆ ಇರಬಹುದೆಂದು ಗಡಿ ಹಾಕುವುದು. ತ್ರಿಜ್ಯದ ಜಾಗದಲ್ಲಿ ವ್ಯಾಸ ಹಾಕಿದ ಮಗುವಿಗೆ ನಾಲ್ಕು ಪಟ್ಟು, ಅಂದರೆ 335 ಲೀಟರ್ ಬರುತ್ತದೆ. ಡ್ರಮ್ ಹಿಡಿಸುವುದೇ 200 ಎಂದು ಮೊದಲೇ ಬರೆದುಕೊಂಡಿದ್ದರೆ ತಪ್ಪು ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ತ್ರಿಜ್ಯವನ್ನು ಜಾಗ್ರತೆಯಿಂದ ಅಳೆಯಬೇಕು. 28ರ ಬದಲು 29 ಎಂದು ಓದಿದರೆ ಉತ್ತರ ಶೇ. 7ರಷ್ಟು ಏರುತ್ತದೆ, ಏಕೆಂದರೆ ಅದನ್ನು ಎರಡು ಸಲ ಗುಣಿಸುತ್ತೇವೆ. ಇಳಿದ ಮಟ್ಟದಲ್ಲಿ ಒಂದು ಸೆಂ.ಮೀ. ತಪ್ಪಿದರೆ ವ್ಯತ್ಯಾಸ ಶೇ. 3 ಮಾತ್ರ. ಡ್ರಮ್ಮಿನ ಸುತ್ತ ಟೇಪು ಹಿಡಿದು ವ್ಯಾಸ ಕಂಡುಕೊಳ್ಳುವುದಾದರೆ ಗೋಡೆಯ ದಪ್ಪವನ್ನು ಎರಡೂ ಬದಿಗೆ ಕಳೆಯಿರಿ. ಹೊಟ್ಟೆ ಉಬ್ಬಿದ ಡ್ರಮ್ಮಿಗೆ ಈ ಸೂತ್ರ ಸರಿಹೋಗದು. ಅಂಥದ್ದಕ್ಕೆ ಐದೈದು ಲೀಟರ್ ಸುರಿದು, ಪ್ರತಿ ಸಲವೂ ಕೋಲಿನ ಮೇಲೆ ಗೆರೆ ಹಾಕಿಕೊಳ್ಳುವುದೇ ಒಳ್ಳೆಯದು.

ನಿಜವಾದ ತನಿಖೆ ಇಲ್ಲಿಂದ ಶುರು. 200 ಮಿ.ಲೀ. ಲೋಟದಲ್ಲಿ ಮಕ್ಕಳು ಎರಡೆರಡು ಸಲ ಕುಡಿದರೆ 48 ಲೀಟರ್ ಆಯಿತು. ಉಳಿದ 36 ಎಲ್ಲಿ? ಕೈ ತೊಳೆದದ್ದೋ, ಲೋಟ ತೊಳೆದದ್ದೋ, ನಲ್ಲಿ ಸೋರಿದ್ದೋ? ಸಂಜೆ ಬೀಗ ಹಾಕುವಾಗ ಒಂದು ಗೆರೆ, ಮರುದಿನ ಬಾಗಿಲು ತೆರೆದ ಕೂಡಲೇ ಇನ್ನೊಂದು ಗೆರೆ ಹಾಕಿ. ಎರಡರ ನಡುವೆ ಎರಡು ಸೆಂ.ಮೀ. ಅಂತರವಿದ್ದರೆ ಯಾರೂ ಮುಟ್ಟದೆ ಐದು ಲೀಟರ್ ಹೋಗಿದೆ. ನಲ್ಲಿಯ ವಾಷರ್ ನೋಡಿ.

ಬಿಸಿಯೂಟದ ಅಕ್ಕಿಗೆ ಇನ್ನೊಂದು ಮೆಟ್ಟಿಲು ಬೇಕು, ಏಕೆಂದರೆ ಅಲ್ಲಿ ಲೆಕ್ಕ ತೂಕದಲ್ಲಿದೆ: 1ರಿಂದ 5ನೇ ತರಗತಿಗೆ ಮಗುವಿಗೆ 100 ಗ್ರಾಂ, 6ರಿಂದ 8ಕ್ಕೆ 150 ಗ್ರಾಂ. ಒಂದು ಲೀಟರ್ ಅಕ್ಕಿ ಸುಮಾರು 800 ಗ್ರಾಂ ತೂಗುತ್ತದೆ. ತಳಿಯಿಂದ ತಳಿಗೆ ಬದಲಾಗುವುದರಿಂದ ನಿಮ್ಮ ಅಕ್ಕಿಯನ್ನೇ ತೂಗಿ ನೋಡಿ. ಕಿರಿಯರು 80, ಹಿರಿಯರು 40 ಇದ್ದರೆ 14 ಕೆ.ಜಿ., ಅಂದರೆ 17.5 ಲೀಟರ್. ಮೇಲಿನದೇ ಅಳತೆಯ ಡ್ರಮ್ಮಿನಲ್ಲಿ 7 ಸೆಂ.ಮೀ. ಇಳಿಯಬೇಕು. ಅಕ್ಕಿ ನೀರಿನಂತೆ ತಾನೇ ಸಮನಾಗದು. ಪಟ್ಟಿಯಿಂದ ಸವರಿ ಅಳೆಯಿರಿ, ಡ್ರಮ್ಮನ್ನು ಕುಲುಕಬೇಡಿ. ಕುಲುಕಿದರೆ ಕಾಳು ಒತ್ತಿಕೊಂಡು, ಬಳಸದೆಯೇ ಮಟ್ಟ ಇಳಿಯುತ್ತದೆ.

ಸೀಮೆಸುಣ್ಣದ ತುಂಡುಗಳಿಗೆ ಆಕಾರವೇ ಒಂದಿಲ್ಲ, ನೀರಿನಲ್ಲಿ ಮುಳುಗಿಸಿದರೆ ಹೀರಿಕೊಳ್ಳುತ್ತವೆ. ರಾಗಿ ಬಳಸಿ. ಡಬ್ಬಿಯ ಅಂಚಿನವರೆಗೆ ರಾಗಿ ತುಂಬಿ ಸವರಿ, ಹೊರಗೆ ಸುರಿದುಕೊಳ್ಳಿ. ತುಂಡುಗಳನ್ನು ಹಾಕಿ ಅದೇ ರಾಗಿಯನ್ನು ಮತ್ತೆ ತುಂಬಿ. ಮಿಕ್ಕ ರಾಗಿಯ ಅಳತೆಯೇ ತುಂಡುಗಳ ಘನಫಲ. ಎರಡೂ ಸಲ ಡಬ್ಬಿಯನ್ನು ಅಷ್ಟೇ ಬಾರಿ ತಟ್ಟಬೇಕು, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ. 8 ಸೆಂ.ಮೀ. ಉದ್ದ, 1 ಸೆಂ.ಮೀ. ವ್ಯಾಸದ ಹೊಸ ಸೀಮೆಸುಣ್ಣ ಸುಮಾರು 6.3 ಮಿ.ಲೀ. ವಾರದ ಕಸದಬುಟ್ಟಿಯ ತುಂಡುಗಳು 60 ಮಿ.ಲೀ. ಬಂದರೆ, ಒಂಬತ್ತೂವರೆ ಸೀಮೆಸುಣ್ಣ ಬರೆಯದೆಯೇ ಹೋಗಿದೆ.