‘ಸಾರಿ ಹೇಳು’ ಅನ್ನುವ ಮುಂಚೆ

ಜುಲೈ ತಿಂಗಳು, ಹೊರಗೆ ಜೋರು ಮಳೆ. ಮುಂಬಯಿಯ ಸಯನ್ ಹತ್ತಿರದ ಒಂದು ಕನ್ನಡ ಶಾಲೆ, ಮೂರನೇ ಕ್ಲಾಸು. ಮೈದಾನಕ್ಕೆ ಬಿಡುವ ಹಾಗಿಲ್ಲ, ಮಕ್ಕಳೆಲ್ಲ ಒಳಗೇ ಡಬ್ಬಿ ಬಿಚ್ಚಿ ಕೂತಿದ್ದರು. ಒಬ್ಬ ಹುಡುಗ ಎದ್ದು ಓಡುವಾಗ ಕೈ ತಾಗಿ ಪಕ್ಕದವನ ಡಬ್ಬಿ ಬಿತ್ತು, ಅವಲಕ್ಕಿ ಎಲ್ಲ ನೆಲದ ಪಾಲು. ಡಬ್ಬಿಯವನು ಬೆನ್ನಿಗೆ ಒಂದು ಗುದ್ದಿದ. ಇವನು ತಿರುಗಿ "ಏನಲೇ?" ಅಂದ. ಅಷ್ಟೇ, ಇಬ್ಬರೂ ನೆಲದ ಮೇಲೆ ಹೊರಳಾಡುತ್ತಿದ್ದರು.

ಇಂಥ ಹೊತ್ತಲ್ಲಿ ನಾವು ದೊಡ್ಡವರು ಕೇಳುವ ಮೊದಲ ಪ್ರಶ್ನೆ "ಯಾರು ಶುರು ಮಾಡಿದ್ದು?" ಆಮೇಲೆ "ಸಾರಿ ಹೇಳು." ಇಬ್ಬರೂ ಗೋಡೆ ನೋಡಿಕೊಂಡು ಸಾರಿ ಅಂತಾರೆ, ಬೆಲ್ ಹೊಡೆದ ಮೇಲೆ ಮೆಟ್ಟಿಲ ಹತ್ತಿರ ಮತ್ತೆ ಜಗಳ. ಶಾಲಾ ಆಪ್ತಸಮಾಲೋಚಕಿಯಾಗಿ ಇದನ್ನು ಎಷ್ಟು ಸಲ ನೋಡಿದ್ದೇನೋ.

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಿಗೆ ಎರಡು ಕಥೆ ಹೇಳುತ್ತಾರೆ. ಒಬ್ಬ ಹುಡುಗ ಬಾಗಿಲು ತೆಗೆಯುವಾಗ ಗೊತ್ತಿಲ್ಲದೆ 15 ಕಪ್ ಒಡೆದು ಹೋಗುತ್ತವೆ. ಇನ್ನೊಬ್ಬ ಅಮ್ಮ ಇಲ್ಲದಾಗ ಜಾಮ್ ಕದಿಯಲು ಹೋಗಿ ಒಂದು ಕಪ್ ಒಡೆಯುತ್ತಾನೆ. ಯಾರ ತಪ್ಪು ಜಾಸ್ತಿ? ಚಿಕ್ಕ ಮಕ್ಕಳಲ್ಲಿ ತುಂಬಾ ಜನ 15 ಕಪ್ಪಿನವನನ್ನೇ ತೋರಿಸಿದರು. ಎಷ್ಟು ಹಾಳಾಯಿತು ಅನ್ನುವುದೇ ಅವರಿಗೆ ಲೆಕ್ಕ. ಬೇಕಂತ ಮಾಡಿದ್ದಾ, ತಿಳಿಯದೆ ಆದದ್ದಾ ಅನ್ನುವ ತೂಕ ನಿಧಾನವಾಗಿ ಬರುತ್ತದೆ. ನಮ್ಮ ಮೂರನೇ ಕ್ಲಾಸಿನವರಿಗೆ ಎಂಟು ವರ್ಷ, ಎರಡರ ಮಧ್ಯೆ ನಿಂತಿರುತ್ತಾರೆ. ಅದಕ್ಕೇ ಇದು ಕಲಿಸಲು ಒಳ್ಳೆಯ ವಯಸ್ಸು.

ಮೊದಲು ಇಬ್ಬರಿಗೂ ನೀರು ಕೊಟ್ಟು ದೂರ ದೂರ ಕೂರಿಸಿದೆ. ಉಸಿರು ಇಳಿಯುವ ತನಕ ಒಂದು ಮಾತೂ ಇಲ್ಲ. ಆಮೇಲೆ ಒಬ್ಬೊಬ್ಬರನ್ನೇ ಕೇಳಿದೆ: ಏನಾಯ್ತು? ಆಗ ನಿನಗೆ ಹೇಗನಿಸಿತು? ಈಗ ಏನು ಮಾಡಿದರೆ ಸರಿಹೋಗುತ್ತೆ? ಒಬ್ಬ ಮಾತಾಡುವಾಗ ಇನ್ನೊಬ್ಬ ಬಾಯಿ ಹಾಕುವ ಹಾಗಿಲ್ಲ. ಆಗ ಗೊತ್ತಾಯಿತು, ಡಬ್ಬಿಗಿಂತ ನೋವಾಗಿದ್ದು ಆ ‘ಲೇ’ಗೆ. ಡಬ್ಬಿಯವನ ಮನೆ ಮಾತು ತುಳು, ಅಪ್ಪ ಹೋಟೆಲಿನಲ್ಲಿದ್ದಾರೆ, ಅವನ ಕಿವಿಗೆ ಅದು ಬೈಗುಳ. ಇನ್ನೊಬ್ಬ ಯಾದಗಿರಿ ಕಡೆಯವನು, ಗೌಂಡಿಯ ಮಗ. "ನಮ್ ಓಣ್ಯಾಗ ಎಲ್ಲಾರೂ ಹಂಗ ಅಂತಾರ್ರಿ ಟೀಚರ್" ಅಂದ, ಕಣ್ಣು ತುಂಬಿಕೊಂಡು. ಮುಂಬಯಿಯ ಕನ್ನಡ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಎರಡು ಮೂರು ಊರಿನ ಮಾತು ಕೂತಿರುತ್ತೆ ಅಲ್ವಾ, ಅದನ್ನು ನಾವೂ ಮರೆಯುತ್ತೇವೆ.

ಬೋರ್ಡಿನ ಮೇಲೆ ದಿನಕ್ಕೊಂದು ಸುಭಾಷಿತ ಬರೆಸುವುದು ಇರಲಿ, ಆದರೆ ನಡತೆ ಕಲಿಯುವ ನಿಜವಾದ ಪಾಠ ಆ ಚೆಲ್ಲಿದ ಅವಲಕ್ಕಿಯ ಹತ್ತಿರವೇ ಇತ್ತು. ಇಬ್ಬರೂ ಸೇರಿ ನೆಲ ಒರೆಸಿದರು. ಅದು ಶಿಕ್ಷೆಯಲ್ಲ, ಸರಿಮಾಡುವ ದಾರಿಯೆಂದು ಅವರೇ ಹೇಳಿದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. "ಹಾಗಾದ್ರೆ ಸುಮ್ನೆ ಬಿಡಬೇಕಾ?" ಅಂತ ಕೇಳುವ ಶಿಕ್ಷಕರಿಗೆ ನಾನು ಈ ಮೂರು ಪ್ರಶ್ನೆಗಳನ್ನೇ ಕೊಡುತ್ತೇನೆ. ಹತ್ತು ನಿಮಿಷ ಸಾಕು.

ಆದರೆ ದೊಡ್ಡ ಹುಡುಗನೊಬ್ಬ ಚಿಕ್ಕವನನ್ನು ದಿನಾ ಕಾಡುತ್ತಿದ್ದರೆ ದಯವಿಟ್ಟು ಎದುರುಬದುರು ಕೂರಿಸಬೇಡಿ. ಹೆದರಿದ ಮಗು ಅವನ ಮುಂದೆ ಬಾಯಿ ಬಿಡುವುದಿಲ್ಲ. ಅಲ್ಲಿ ದೊಡ್ಡವರೇ ನಿಂತು ತಡೆಯಬೇಕು.

ಆ ಇಬ್ಬರು ಮೂರು ದಿನ ‘ಕಟ್ಟಿ’ ಇದ್ದರು, ಅಂದರೆ ಮಾತು ಬಿಟ್ಟಿದ್ದರು. ಕ್ಲಾಸ್ ಟೀಚರ್‌ಗೆ ಕೈ ಕುಲುಕಿಸುವ ಆಸೆ, ನಾನೇ ಬೇಡ ಅಂದೆ. ನಾಲ್ಕನೇ ದಿನ ಮಳೆ ಬಿಟ್ಟಿತ್ತು, ಕಬಡ್ಡಿಗೆ ಏಳನೆಯವನು ಬೇಕಿತ್ತು. ಯಾದಗಿರಿಯ ಹುಡುಗ ಎರಡು ಬೆರಳು ಚಾಚಿ ‘ಬಟ್ಟಿ’ ಅಂದ, ಅಂದರೆ ಮತ್ತೆ ದೋಸ್ತಿ. ಈ ಸಲ ಹೆಸರು ಹಿಡಿದು ಕರೆದ.