ಮೈಸೂರು ಅಂದ್ರೆ ಯಾವ ಮೈಸೂರು?

ಬಾಟನಿ ಓದಿದವ್ರಿಗೆ ಹರ್ಬೇರಿಯಂ ಫೈಲ್ ನೆನಪಿರತ್ತೆ, ಗಿಡ ಕಿತ್ತು ಹಳೇ ಪೇಪರ್ ಮಧ್ಯೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ ಒಣಗಿಸಿ ಶೀಟಿಗೆ ಅಂಟಿಸಿ ಪ್ರಾಕ್ಟಿಕಲ್ ದಿನ ತೋರಿಸಿದ್ರೆ ಮುಗೀತು. ಲೇಬಲ್ ಬರೆಯೋದು ಹಿಂದಿನ ರಾತ್ರಿ, ಅದೂ ಪಕ್ಕದವ್ರದ್ದು ನೋಡ್ಕೊಂಡು. ಆದ್ರೆ ಅಸಲಿ ಮಾಲು ಇರೋದೇ ಆ ಲೇಬಲ್ಲಲ್ಲಿ: ಯಾವ ಜಾಗ, ಯಾವ ದಿನ, ಯಾರು ಕಿತ್ತಿದ್ದು.

ಈಗ ದೊಡ್ಡ ಹರ್ಬೇರಿಯಂಗಳ (ಒಣಗಿಸಿದ ಗಿಡಗಳನ್ನ ಕೂಡಿಡೋ ಸಂಗ್ರಹಾಲಯಗಳ) ಶೀಟುಗಳು ಫೋಟೋ ಆಗಿ ಆನ್‌ಲೈನಲ್ಲಿ ಸಿಗ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಐಐಎಸ್ಸಿಯ ಜೆಸಿಬಿ ಹರ್ಬೇರಿಯಂ (ಮಣ್ಣು ಅಗೆಯೋ ಜೆಸಿಬಿ ಅಲ್ಲ ಮಾರಾಯ್ರೆ) ಶೀಟುಗಳನ್ನೂ ಮನೇಲಿ ಕೂತು ನೋಡ್ಬಹುದು, 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಗಳ ಪುಸ್ತಕ ತಂದ ಸೆಸಿಲ್ ಸಲ್ಡಾನಾ ಅವ್ರ ಸಂಗ್ರಹ ಇರೋದು ಅಲ್ಲೇ. ಕಾಲೇಜಿನ ಬೀರುವಲ್ಲಿ ಒಂದು ಜಾತಿಗೆ ಒಂದೋ ಎರಡೋ ಶೀಟು, ಇಲ್ಲಿ ಅದೇ ಜಾತಿದು ಬೇರೆ ಬೇರೆ ಊರು, ಬೇರೆ ಬೇರೆ ವರ್ಷದ ಸಾಲು. ಇದರಿಂದ ಏನು ಸಿಗತ್ತೆ ಅಂತೀರಾ? ಅಮೆರಿಕದ ಬಾಸ್ಟನ್ನಿನ ಆರ್ನಾಲ್ಡ್ ಅರ್ಬೊರೇಟಮ್ ಅನ್ನೋ ಮರಗಿಡಗಳ ತೋಟದ ಹಳೇ ಶೀಟುಗಳನ್ನ ಅದೇ ಗಿಡಗಳ ಆಗಿನ ಹೂಗಳ ಜೊತೆ ಸಂಶೋಧಕರು ಹೋಲಿಸಿ, 1900–1920ಕ್ಕಿಂತ 1980–2002ರಲ್ಲಿ ಸರಾಸರಿ 8 ದಿನ ಮುಂಚೆ ಹೂ ಬಿಡ್ತಿವೆ ಅಂತ 2004ರಲ್ಲಿ ತೋರಿಸಿದ್ರು. ಶೀಟಲ್ಲಿ ಹೂ ಇದೆ, ಲೇಬಲ್ಲಲ್ಲಿ ತಾರೀಖಿದೆ, ಅಷ್ಟೇ ಬಂಡವಾಳ. ಡಿಗ್ರಿ ಹುಡುಗ್ರೂ ಮಾಡಬಹುದಾದ ಲೆಕ್ಕ.

ನನಗೆ ಇದಕ್ಕಿಂತ ಮಜಾ ಅನ್ಸೋದು ತಪ್ಪು ಹುಡುಕೋ ಪಾಠ. ಆನ್‌ಲೈನಲ್ಲಿರೋ ಲೇಬಲ್ಲುಗಳ ಡೇಟಾ ಇಳಿಸ್ಕೊಂಡು ಮ್ಯಾಪಿಗೆ ಹಾಕಿದ್ರೆ ಪಶ್ಚಿಮಘಟ್ಟದ ಗಿಡ ಆಫ್ರಿಕಾ ಪಕ್ಕದ ಸಮುದ್ರದಲ್ಲಿ ತೇಲ್ತಿರತ್ತೆ, ಯಾಕಂದ್ರೆ ಯಾರೋ ಅಕ್ಷಾಂಶ ರೇಖಾಂಶ ಎರಡಕ್ಕೂ ಸೊನ್ನೆ ಹಾಕಿರ್ತಾರೆ. ಅದು ಸುಲಭ, ಕಣ್ಣಿಗೇ ಹೊಡೆಯತ್ತೆ. ಕಷ್ಟದ್ದು ನಮ್ದೇ: ಹಳೇ ಲೇಬಲ್ಲಲ್ಲಿ ಬರೀ 'ಮೈಸೂರು' ಅಂತಿದ್ರೆ ಊರೋ, ರಾಜ್ಯವೋ? 1973ರ ನವೆಂಬರ್ 1ರವರೆಗೆ ಇಡೀ ರಾಜ್ಯದ ಹೆಸರೇ ಮೈಸೂರು, ಹಾಗಾಗಿ ಆಗುಂಬೆ ಕಾಡಿನ ಗಿಡವನ್ನ ಅರಮನೆ ಮುಂದೆ ನೆಟ್ಟುಬಿಡೋ ಚಾನ್ಸ್ ಇದೆ. ಇದನ್ನ ಬಿಡಿಸೋಕೆ ಗಿಡಶಾಸ್ತ್ರ ಒಂದೇ ಸಾಕಾಗಲ್ಲ, ಸ್ವಲ್ಪ ಇತಿಹಾಸ ಬೇಕು, ಕಿತ್ತವ್ರು ಆ ವಾರ ಎಲ್ಲೆಲ್ಲಿ ಓಡಾಡಿದ್ರು ಅಂತ ಅವ್ರ ಬೇರೆ ಶೀಟುಗಳನ್ನೂ ನೋಡ್ಬೇಕು.

ಆದ್ರೆ ಗಿಡ ಗುರುತಿಸೋಕೆ ಫೋಟೋ ಒಂದೇ ಸಾಕಾಗಲ್ಲ: ಫೋಟೋಗೆ ಬ್ಲೇಡ್ ಹಾಕಿ ಹೂವಿನ ಅಂಡಾಶಯದಲ್ಲಿ ಎಷ್ಟು ಕೋಣೆ ಅಂತ ಎಣಿಸೋಕಾಗಲ್ಲ, ಎಲೆ ಉಜ್ಜಿ ವಾಸನೆ ನೋಡೋಕೂ ಆಗಲ್ಲ. ಅದಕ್ಕೇ ನಮ್ಮ ಆ ಫೈಲನ್ನ ಪೂರ್ತಿ ಬಿಡಬಾರ್ದು, ನಾಲ್ಕೇ ಗಿಡ ಸಾಕು, ಆದ್ರೆ ಲೇಬಲ್ಲಲ್ಲಿ ಫೋನಿನ ಜಿಪಿಎಸ್ ನಂಬರ್ ಇರ್ಲಿ. ಆಮೇಲೆ ಹಿಂದಿನ ರಾತ್ರಿ ಕಾಪಿ ಹೊಡೆದ್ರೆ ಮ್ಯಾಪಲ್ಲಿ ಇಡೀ ಕ್ಲಾಸಿನ ಗಿಡ ಒಂದೇ ಬೇಲಿ ಪಕ್ಕ ಬೆಳೆದಿರತ್ತೆ.