ಶೆಟ್ಟಿಹಳ್ಳಿ ಚರ್ಚ್: ಹೇಮಾವತಿ ಹಿನ್ನೀರಿನಲ್ಲಿ ಕರಗುತ್ತಿರುವ ಗೋಡೆಗಳು

ಮಳೆಗಾಲ ಬಂತೆಂದರೆ ಶೆಟ್ಟಿಹಳ್ಳಿ ರೋಸರಿ ಚರ್ಚಿನ ಫೋಟೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡತೊಡಗುತ್ತವೆ. ಸುತ್ತ ನೀರು, ನಡುವೆ ಮೊಂಡು ಗೋಡೆಗಳು, ಚೂಪು ಕಮಾನುಗಳು. ‘ತೇಲುವ ಚರ್ಚ್’ ಎಂದು ಹೆಸರೂ ಬಿದ್ದಿದೆ. ಅಲ್ಲಿ ತೇಲುವುದೇನೂ ಇಲ್ಲ; ಕಟ್ಟಡ ಬುಡದಿಂದ ಸವೆಯುತ್ತಿದೆ.

ಹಾಸನದಿಂದ ಸುಮಾರು 20 ಕಿ.ಮೀ. ದೂರದಲ್ಲಿ, ಹೇಮಾವತಿಯ ದಡದಲ್ಲಿ, 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಗೋಥಿಕ್ ಶೈಲಿಯಲ್ಲಿ ಕಟ್ಟಿಸಿದ ಚರ್ಚ್ ಇದು. ಮೈಸೂರು ಸೀಮೆಯಲ್ಲಿ ಮೊದಲು ಕೆಲಸ ಮಾಡುತ್ತಿದ್ದವರು ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳು. 1773ರಲ್ಲಿ ಪೋಪರು ಆ ಸಂಘವನ್ನೇ ವಿಸರ್ಜಿಸಿದ ಮೇಲೆ ಇಲ್ಲಿನ ಹೊಣೆ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘಕ್ಕೆ ಬಂತು. ಆ ಸಂಘದ ಅಬ್ಬೆ ದುಬಾಯ್ ಅವರೇ ಈ ಚರ್ಚ್ ಕಟ್ಟಿಸಿದರೆಂದು ಹಲವೆಡೆ ಬರೆದಿರುವುದುಂಟು. ಶ್ರೀರಂಗಪಟ್ಟಣ ಬಿದ್ದ ನಂತರ ಈ ಸೀಮೆಯ ಕ್ರೈಸ್ತರ ನಡುವೆ ದುಡಿದ, ಸಿಡುಬಿನ ಲಸಿಕೆ ಹಾಕಿಸಿದ ಅವರ ಹೆಸರು ದೊಡ್ಡದೇ. ಆದರೆ ಅವರು 1823ರಲ್ಲಿ ಭಾರತ ಬಿಟ್ಟವರು ಮತ್ತೆ ಬರಲಿಲ್ಲ, 1848ರಲ್ಲಿ ತೀರಿಕೊಂಡರು. ಈಗ ಉಳಿದಿರುವ ಕಟ್ಟಡಕ್ಕೂ ಅವರಿಗೂ ಕಾಲ ಕೂಡಿಬರುವುದಿಲ್ಲ.

ಚರ್ಚ್ ನೂರು ವರ್ಷ ಬಾಳುವ ಹೊತ್ತಿಗೆ ಕಾವೇರಿ ರಾಜಕಾರಣ ಅದರ ಬಾಗಿಲಿಗೆ ಬಂತು. ಹೇಮಾವತಿ ಕಾವೇರಿಯ ಉಪನದಿ. ಕಾವೇರಿ ನೀರಿನ ಬಗ್ಗೆ ಮೈಸೂರು, ಮದ್ರಾಸ್ ಮಾಡಿಕೊಂಡಿದ್ದ 1924ರ ಒಪ್ಪಂದದ ಹಲವು ಷರತ್ತುಗಳು 1974ಕ್ಕೆ ಮುಗಿಯಲಿದ್ದವು. ಮೇಲ್ದಂಡೆಯಲ್ಲಿ ತನ್ನ ನೀರನ್ನು ಹಿಡಿದಿಟ್ಟುಕೊಳ್ಳಲೇಬೇಕೆಂದು ಹೊರಟ ಕರ್ನಾಟಕ, ತಮಿಳುನಾಡಿನ ಆಕ್ಷೇಪಣೆಯ ನಡುವೆ, ಯೋಜನಾ ಆಯೋಗದ ಒಪ್ಪಿಗೆಗೂ ಕಾಯದೆ, ಸ್ವಂತ ಹಣ ಸುರಿದು ಕಬಿನಿ, ಹಾರಂಗಿ, ಹೇಮಾವತಿ ಯೋಜನೆಗಳನ್ನು ಕೈಗೆತ್ತಿಕೊಂಡಿತು. ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ನೀರಿನ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 2,922 ಅಡಿ, ಸಂಗ್ರಹ ಸುಮಾರು 37 ಟಿಎಂಸಿ. ಹಾಸನ, ತುಮಕೂರು, ಮಂಡ್ಯದ ಹೊಲಗಳಿಗೆ ನೀರು ಹರಿಯಿತು. ಹಿನ್ನೀರಿನ ಪಾತಳಿಯಲ್ಲಿದ್ದ ಊರುಗಳು ಎದ್ದುಹೋದವು. ಜನ ಹೋದ ಮೇಲೆ ಪೂಜೆ ನಿಂತಿತು. ಈಗ ಚರ್ಚಿಗೆ ಚಾವಣಿಯೂ ಇಲ್ಲ.

ಒಂದೇ ಸಲ ಮುಳುಗಿ ಹಾಗೇ ಇದ್ದಿದ್ದರೆ ಗೋಡೆಗಳು ಇನ್ನಷ್ಟು ಕಾಲ ತಾಳುತ್ತಿದ್ದವೋ ಏನೋ. ಇಲ್ಲಿ ಹಾಗಾಗಲಿಲ್ಲ. ಒಳ್ಳೆಯ ಮಳೆಯಾದ ವರ್ಷ ಜುಲೈ, ಆಗಸ್ಟ್ ಹೊತ್ತಿಗೆ ನೀರು ಏರುತ್ತದೆ, ನಾಲೆಗೂ ಕೆಳಗಿನ ಹೊಳೆಗೂ ಬಿಡುತ್ತಾ ಹೋದಂತೆ ಇಳಿಯುತ್ತದೆ, ಬೇಸಿಗೆಯಲ್ಲಿ ನೆಲ ಬಿರಿಯುತ್ತದೆ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರಿಂದ ಇಷ್ಟು ದಿನ ನಿಂತಿದೆ ಎಂಬ ಮಾತಿದೆ. ಇರಬಹುದು, ಸುಣ್ಣದ ಗಾರೆಗೆ ಅವನ್ನು ಹಾಕುವ ಪದ್ಧತಿ ನಮ್ಮಲ್ಲಿ ಇತ್ತು. ಆದರೆ ತಿಂಗಳುಗಟ್ಟಲೆ ನೆನೆದರೆ ಸುಣ್ಣ ತೊಳೆದುಹೋಗುತ್ತದೆ, ಒಣಗುವಾಗ ಗೋಡೆಯೊಳಗಿನ ಲವಣ ಹರಳುಗಟ್ಟಿ ಇಟ್ಟಿಗೆಯ ಮೈಯನ್ನು ಪುಡಿಯುದುರಿಸುತ್ತದೆ. ಜೊತೆಗೆ ಅಲೆಯ ಹೊಡೆತ. ಚಾವಣಿಯಿಲ್ಲದ ಗೋಡೆಗೆ ಮೇಲಿನಿಂದಲೂ ಮಳೆ.

ಕೆಆರ್‌ಎಸ್ ಹಿನ್ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಕಲ್ಲು ಕಲ್ಲಾಗಿ ಬಿಚ್ಚಿ ದಡದ ಮೇಲೆ ಮತ್ತೆ ಕಟ್ಟಲಿಲ್ಲವೇ ಎಂದು ಕೇಳುವವರಿದ್ದಾರೆ. ಅದು ಜೋಡಿಸಿದ ಕಲ್ಲಿನ ಕಟ್ಟಡ, ಪ್ರತಿ ಕಲ್ಲಿಗೂ ಸಂಖ್ಯೆ ಬರೆದು ಸಾಗಿಸಬಹುದಿತ್ತು. ಗಾರೆಯಲ್ಲಿ ಬೆಸೆದ ಇಟ್ಟಿಗೆ ಗೋಡೆ ಬಿಚ್ಚಿದರೆ ಕೈಗೆ ಸಿಗುವುದು ಬರೀ ಇಟ್ಟಿಗೆ.

ಇನ್ನು ಮದುವೆಗೆ ಮುಂಚಿನ ಫೋಟೊ ಶೂಟಿನವರು, ಗೋಡೆ ಹತ್ತುವವರು, ಇಟ್ಟಿಗೆಯ ಮೇಲೆ ಹೆಸರು ಕೆತ್ತುವವರು. ನೀರಿನ ಮುಂದೆ ಇವರ ಪಾಲು ಸಣ್ಣದು, ಆದರೆ ತಡೆಯಲು ಸಾಧ್ಯವಿರುವುದು ಇದೊಂದನ್ನೇ. ಬಲಪಡಿಸುವ ಕೆಲಸಕ್ಕಾದರೋ ಬಿಡುವು ತೀರಾ ಕಡಿಮೆ. ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಹಳೆಯ ಇಟ್ಟಿಗೆ ಇನ್ನೂ ಬೇಗ ಒಡೆಯುತ್ತದೆ. ಸುಣ್ಣದ ಗಾರೆ ಹದವಾಗಲು ವಾರಗಳು ಬೇಕು, ಅದೂ ನೀರು ಪೂರ್ತಿ ಇಳಿದ ಬೇಸಿಗೆಯಲ್ಲೇ ಆಗಬೇಕು. ಜೂನ್ ಬಂದರೆ ಹೇಮಾವತಿಗೆ ಮತ್ತೆ ಒಳಹರಿವು ಶುರು.